ದಕ್ಕೆಗೆ ಬಂದವರ ಮನೆಯವರು

ವಿಜಯನಗರ, ಮೈಸೂರು
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಲಾಸ್ಯ,

ಹೇಗಿದ್ದೀಯ? ಗಂಟಲು ನೋವು ಕಡಿಮೆಯಾಯಿತೇ? ಮಂಗಳೂರಿನ ಸೆಕೆ ಅಂತ ಫ್ಯಾನಿನ ಕೆಳಗೇ ಮಲಗಬೇಡ ಅಂತ ಅವ್ವ ಹೇಳಿಕಳಿಸಿದ್ದಾಳೆ. ಇಲ್ಲಿ ಅವಳೂ ಅನನ್ಯಳೂ ಆರೋಗ್ಯ. ಮಗಳಿಗೆ ಇನ್ನೊಂದು ಹಾಲುಹಲ್ಲು ಬಿದ್ದಿದೆ, ಅಮ್ಮ ನೋಡುವ ತನಕ ಯಾರೂ ಮುಟ್ಟಕೂಡದು ಅಂತ ಕಾಗದದಲ್ಲಿ ಸುತ್ತಿಟ್ಟಿದ್ದಾಳೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಸೋಮವಾರ ನೀನು ಆ ಖಾಯಂ ಕೆಲಸದ ವಿಷಯ ಉತ್ತರ ಕೊಡಬೇಕಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. ಒಂದು ಕಡೆ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಗೇಟಿನವರೆಗೆ ಹೋಗಿಬಂದೆ, ಅಲ್ಲಿ ಯಾರೂ ಇರಲಿಲ್ಲ. ಫೋನ್ ಇರುವಾಗ ಕಾಗದವೇಕೆ ಅನ್ನುತ್ತೀಯ. ಫೋನಿನಲ್ಲಿ ನಮ್ಮ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಿನಗೇ ಗೊತ್ತು. ಹೇಗೂ ನಿನ್ನ ಪುಸ್ತಕದ ಕರಡು ಬಸ್ಸಿನ ಪಾರ್ಸೆಲ್ಲಿನಲ್ಲಿ ಹೊರಟಿದೆ, ಜೊತೆಗೆ ಇದೂ ಬರಲಿ.

ಕರಡು ಪೂರ್ತಿ ತಿದ್ದಿದ್ದೇನೆ. ಮೊದಲ ಪುಟಗಳಲ್ಲಿ ನಾನು ಮಾಡಿದ ಘನಂದಾರಿ ಕೆಲಸವನ್ನು ನೀನಿನ್ನೂ ಮರೆತಿರಲಾರೆ. ದೋಣಿಗಳು ಬಂದು ನಿಲ್ಲುವ ಕಟ್ಟೆಗೆ ಅಲ್ಲಿಯವರು ದಕ್ಕೆ ಅನ್ನುತ್ತಾರೆಂದು ದೇವರಾಜ ಮೊಹಲ್ಲಾದ ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದುವವನಿಗೆ ಹೇಗೆ ಗೊತ್ತಾಗಬೇಕು? ಅಕ್ಷರ ತಪ್ಪಿದೆ ಅಂತ ಎಲ್ಲ ಕಡೆ ಧಕ್ಕೆ ಮಾಡಿಟ್ಟೆ. ‘ನದಿಯ ಧಕ್ಕೆಯಿಂದಲೇ ಪೇಟೆಯ ಏಳಿಗೆಯಾಯಿತು’ ಅನ್ನುವ ಸಾಲು ಓದಿದ ನಮ್ಮ ಮಾಲೀಕರು ವಿಜಯ್‌ಕುಮಾರ್, ‘ಧಕ್ಕೆ ಆದ್ಮೇಲೆ ಏಳಿಗೆ ಎಂಗಾಯ್ತು ಕಣ್ರೀ?’ ಅಂದರು. ಈಗ ಎಲ್ಲ ಸರಿಮಾಡಿದ್ದೇನೆ, ಬೈಯಬೇಡ.

ಪುಸ್ತಕ ಚೆನ್ನಾಗಿದೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಫಲ್ಗುಣಿ ನದಿಯ ದಂಡೆಯ ಆ ಬಂದರು ಪೇಟೆಯನ್ನು ನಾನು ನೋಡಿರುವುದು ನಿನ್ನನ್ನು ಬಿಡಲು ಬಂದ ಒಂದು ಮಧ್ಯಾಹ್ನ ಮಾತ್ರ. ಆಗ ಕಂಡದ್ದು ಇಕ್ಕಟ್ಟಿನ ರಸ್ತೆ, ಲಾರಿ, ಮೀನಿನ ವಾಸನೆ. ಈಗ ಓದಿದರೆ ಅದೇ ರಸ್ತೆಯಲ್ಲಿ ಘಟ್ಟ ಇಳಿದು ಬಂದ ಎತ್ತಿನ ಗಾಡಿಗಳು, ಕಾಫಿ, ಮೆಣಸು, ಅಕ್ಕಿ ತುಂಬಿದ ಗೋದಾಮುಗಳು, ಮಂಜಿ ಅನ್ನುವ ದೊಡ್ಡ ಮರದ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೊರಟ ಹೆಂಚು, ತರಕಾರಿ, ಆಡುಗಳು. ನಮ್ಮ ಪ್ರೆಸ್ಸಿನ ಮಾಡಿನ ಹೆಂಚೂ ಅದೇ ಕಡೆ ಸುಟ್ಟದ್ದಿರಬೇಕು. ಪಣಂಬೂರಿನಲ್ಲಿ ಹೊಸ ಬಂದರಾದ ಮೇಲೆ ದೊಡ್ಡ ವ್ಯಾಪಾರ ಅತ್ತ ಹೋಗಿ, ಹಳೆಯ ದಕ್ಕೆಗೆ ಮೀನಿನ ದೋಣಿಗಳೂ ದ್ವೀಪದ ಮಂಜಿಗಳೂ ಉಳಿದವು ಅಂತ ಬರೆದಿದ್ದೀಯಲ್ಲ, ಆ ಪುಟ ತಿದ್ದುವುದನ್ನೇ ಮರೆತು ಓದಿಬಿಟ್ಟೆ. ಆಮೇಲೆ ಮತ್ತೆ ಮೊದಲಿಂದ ನೋಡಬೇಕಾಯಿತು.

ಆದರೆ ಒಂದು ಕಡೆ ಸಿಟ್ಟು ಬಂತು. ಕಚ್‌ನಿಂದ ಹತ್ತಿ ವ್ಯಾಪಾರಕ್ಕೆ ಬಂದವರೊಬ್ಬರು ಮಳೆಗಾಲ ಹಿಡಿದು, ಹಡಗು ಹೊರಡದೆ, ದಕ್ಕೆಯ ಹಿಂದೆ ಕೋಣೆ ಮಾಡಿಕೊಂಡು ನಿಂತರು, ಮಳೆ ನಿಂತ ಮೇಲೂ ವಾಪಸ್ಸು ಹೋಗಲಿಲ್ಲ, ಅವರ ಮರಿಮಕ್ಕಳು ಇವತ್ತಿಗೂ ಅಲ್ಲೇ ಅಂಗಡಿ ಇಟ್ಟಿದ್ದಾರೆ ಅಂತ ಬರೆದಿದ್ದೀಯ. ಮರಿಮಕ್ಕಳಿದ್ದಾರೆ ಅಂದರೆ ಹೆಂಡತಿಯೂ ಬಂದಿರಬೇಕಲ್ಲ? ಆಕೆ ಯಾವಾಗ ಬಂದಳು, ಯಾರ ಜೊತೆ ಬಂದಳು, ಆ ಮಳೆಗಾಲವೆಲ್ಲ ಊರಿನಲ್ಲಿ ಕೂತು ಏನಂದುಕೊಂಡಳು, ಒಂದು ಸಾಲೂ ಇಲ್ಲ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇವರ ಮನೆಯವರು?’ ಅಂತ ಬರೆದಿದ್ದೇನೆ. ಕರಡು ತಿದ್ದುವವನು ಅಕ್ಷರ ನೋಡಬೇಕು, ಇಂಥದ್ದೆಲ್ಲ ಕೇಳಬಾರದು. ಆದರೂ ಆ ಹೆಂಗಸಿನ ಪರವಾಗಿ ನಿನ್ನ ಹತ್ತಿರ ಜಗಳಕ್ಕೆ ನಿಲ್ಲಬೇಕು ಅನ್ನಿಸಿತು, ಯಾಕೆಂದರೆ ಒಂದು ವರ್ಷದಿಂದ ಆಕೆಯ ಜಾಗದಲ್ಲಿ ಕೂತಿರುವವನು ನಾನು.

ಪುಸ್ತಕ ಮುಗಿಸಿ ಬರುತ್ತೇನೆ ಅಂತ ಹೋದವಳಿಗೆ ಅದನ್ನು ಬರೆಸುತ್ತಿರುವ ಟ್ರಸ್ಟಿನವರು ಅಲ್ಲೇ ಖಾಯಂ ಮಾಡುತ್ತೇವೆ ಅಂದರು ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ‘ನಿನ್ನಿಷ್ಟ’ ಅಂದೆ. ನನ್ನ ಬಾಯಲ್ಲಿ ಆ ಮಾತಿಗೆ ‘ಬೇಡ’ ಅನ್ನುವುದು ಬಿಟ್ಟು ಬೇರೆ ಅರ್ಥವಿಲ್ಲ ಅಂತ ನಿನಗೆ ಮದುವೆಯಾದ ವರ್ಷವೇ ತಿಳಿದಿದೆ. ‘ಸರಿ, ಆಗಲ್ಲ ಅಂತ ಬರೆದ್ಕೊಡ್ತೀನಿ ಬಿಡಿ’ ಅಂದು ನೀನು ಫೋನ್ ಇಟ್ಟುಬಿಟ್ಟೆ. ನನಗೆ ಸಮಾಧಾನವಾಗಬೇಕಿತ್ತು. ಊಟವೇ ಸೇರುತ್ತಿಲ್ಲ. ಅವ್ವ ನೋಡುವಷ್ಟು ನೋಡಿ, ಇವತ್ತು ರೊಟ್ಟಿ ತಟ್ಟುತ್ತ, ‘ಅವ್ಳು ಬರಕ್ಕಾಗ್ದಿದ್ರೆ ನೀನೇ ಓಗ್ಬುಡು ಕಣೋ, ಇಲ್ಲೇನು ಬೇರು ಬುಟ್ಟಿದ್ದೀಯಾ?’ ಅಂದಳು. ನೀನೂ ಬರುತ್ತೀಯೇನವ್ವ ಅಂದದ್ದಕ್ಕೆ, ‘ನನ್ನ ಬುಟ್ಟೋಗೋ ಯೋಚ್ನೆ ಬೇರೆ ಇತ್ತಾ?’ ಅಂತ ನನ್ನ ಮೇಲೇ ತಿರುಗಿದಳು.

ಅವಳಿಗೇನು, ಹೇಳುತ್ತಾಳೆ. ನಾನು ಹುಟ್ಟಿದ್ದು ಒಂಟಿಕೊಪ್ಪಲಿನಲ್ಲಿ, ಮನೆ ಬದಲಾಯಿಸಿ ಬಹಳ ದೂರ ಬಂದದ್ದೆಂದರೆ ಈ ವಿಜಯನಗರಕ್ಕೆ. ತುಳು ಬಾರದು. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದು. ನೀನಿಲ್ಲದ ಮನೆಯೂ ಈಗೀಗ ನನ್ನದು ಅನ್ನಿಸುವುದಿಲ್ಲ. ಇನ್ನೂ ಬರೆಯುತ್ತ ಕೂತರೆ ಪಾರ್ಸೆಲ್ ಆಫೀಸಿನವರು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಗಂಟಲಿಗೆ ಬಿಸಿನೀರು ಕುಡಿಯುತ್ತಿರು. ಅವ್ವನ ಆಶೀರ್ವಾದ, ಅನನ್ಯಳ ಮುತ್ತು, ನನ್ನ ಕಡೆಯಿಂದ ಬೈಗುಳ ಕಳೆದು ಉಳಿದದ್ದೆಲ್ಲ ನಿನಗೇ.

ನಿನ್ನ
ಮಹದೇವಪ್ರಸಾದ್

ವಿ.ಸೂ.: ಅಂಟಿಸಿದ್ದ ಪಾರ್ಸೆಲ್ ಬಿಚ್ಚಿ ಬರೆಯುತ್ತಿದ್ದೇನೆ. ಆಗುವುದಿಲ್ಲ ಅಂತ ಬರೆದುಕೊಡಬೇಡ, ಬರೆದಿಟ್ಟಿದ್ದರೆ ಹರಿದುಹಾಕು. ವಿಜಯ್‌ಕುಮಾರ್ ಅವರನ್ನು ಮಂಗಳೂರಿನಿಂದಲೇ ಕರಡು ತಿದ್ದಬಹುದೇ ಅಂತ ಕೇಳಿದೆ, ‘ಪುಟ ಫೋನಲ್ಲೇ ಕಳಿಸ್ಬೋದಲ್ಲ, ನೀವೆಲ್ಲಿದ್ರೇನು ಕಣ್ರೀ’ ಅಂದರು. ಅನನ್ಯಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ನಾವು ಮೂವರೂ ಅಲ್ಲಿಗೆ ಬರುತ್ತೇವೆ. ಸೋಮವಾರ ಒಪ್ಪಿಗೆ ಬರೆದುಕೊಡು. ನನಗೆ ಭಯವಾಗುತ್ತಿದೆ. ಆದರೂ ಬರೆದುಕೊಡು.