ಮುಚ್ಚಿಟ್ಟ ಎರಡು ರೊಟ್ಟಿ

ವಾಡಿ, ೧೨ ಜನವರಿ, ಸೋಮವಾರ

ನಿನ್ನೆ ಮುಸರತಳನ್ನು ಟಿ.ವಿ. ರಿಯಾಲಿಟಿ ಶೋದ ಆ ಮನೆಯಿಂದ ಹೊರಗೆ ಹಾಕಿದರು. ನೋಡುವವರೆಲ್ಲ ಸೇರಿ ನನ್ನ ಗೆಳತಿಗೆ ಇಟ್ಟ ಹೆಸರು ‘ರೊಟ್ಟಿ ಕಳ್ಳಿ’.

ಅವಳ ಬಾಯಿ ಜೋರು, ಒಪ್ಪುತ್ತೇನೆ. ಎಲ್ಲರ ಮೇಲೂ ಕೂಗಾಡಿದ್ದು ನನಗೂ ಸೇರಲಿಲ್ಲ. ಆದರೆ ಕಳ್ಳತನ? ಆಟಕ್ಕೆಂದು ಹೊರಗೆ ಹೋದ ಇಬ್ಬರು ಇನ್ನೂ ಉಂಡಿರಲಿಲ್ಲ. ಅವರಿಗೆಂದು ಎರಡು ರೊಟ್ಟಿಯನ್ನು ತಟ್ಟೆಯ ಕೆಳಗೆ ಮುಚ್ಚಿಟ್ಟಳು. ಪಾಳಿಗೆ ಹೋದವರಿಗೆ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಹೀಗೇ ಇಡುತ್ತಾರೆ. ದೂರದವರಿಗೆ ಇದು ಗೊತ್ತಿಲ್ಲ, ಅವರನ್ನು ಬೈದು ಏನು ಬಂತು.

ನನ್ನ ತಮ್ಮ ಭಾಗಣ್ಣನಿಗೆ ಗೊತ್ತಿತ್ತು. ಅವ್ವ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದಾಗ, ಶಾಲೆ ಬಿಟ್ಟ ಕೂಡಲೇ ಮುಸರತಳ ಮನೆಗೆ ಓಡಿ ತಟ್ಟೆ ಎತ್ತಿ ತಿಂದವರು ನಾವಿಬ್ಬರು. ಇವತ್ತು ಅವಳನ್ನು ಅಣಕಿಸುವ ವಿಡಿಯೊವನ್ನು ಓಣಿಯ ಗ್ರೂಪಿಗೆ ಎಲ್ಲರಿಗಿಂತ ಮೊದಲು ಹಾಕಿದವನು ಅವನೇ. ಮುಸರತಳ ತಾಯಿ ಹಸೀನಾ ಚಾಚಿಯೂ ಅದೇ ಗ್ರೂಪಿನಲ್ಲಿದ್ದಾಳೆ.

ಮಧ್ಯಾಹ್ನ ಅವನು ಪಾಳಿ ಮುಗಿಸಿ ಬಂದಾಗ, ಯಾಕೆ ಹಾಕಿದೆ ಅಂತ ಕೇಳಿದೆ.

“ಎಲ್ಲಾರೂ ಕಳಸಾಕತ್ತಾರ ಅಕ್ಕಾ, ನನ್ನೊಬ್ಬನಿಂದ ಏನಾಗ್ತದ?” ಅಂದ.

ಕೈಕಾಲು ತೊಳೆದು ಸೀದಾ ಅಡುಗೆಮನೆಗೆ ಹೋದ. ರೊಟ್ಟಿ ಎಲ್ಲಿದೆ ಅಂತ ಕೇಳಲೂ ಇಲ್ಲ. ನಾನು ಮುಚ್ಚಿಟ್ಟಿದ್ದ ತಟ್ಟೆ ಎತ್ತಿದ, ಎರಡನ್ನೂ ತಿಂದ. ತಿನ್ನುತ್ತಲೇ ಮತ್ತೆ ಆ ವಿಡಿಯೊ ನೋಡಿ ನಕ್ಕ.

ನಾಳೆಯಿಂದ ಅವನಿಗೆ ಮುಚ್ಚಿಡಬಾರದು ಅಂದುಕೊಂಡೆ. ಆದರೆ ಇಡದಿದ್ದರೆ ಮುಸರತಳೇ ಬಂದು ನನ್ನ ಮೇಲೆ ಕೂಗಾಡುತ್ತಾಳೆ.