ಮುಂದಿನ ಗಾಲಿಯೂ ಎಳೆಯಲಿ

ನವೆಂಬರ್ 9, ಶನಿವಾರ

ಶಾಲಾ ಬಸ್ಸುಗಳ ಆಯಿಲ್ ಬದಲಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಕೈ ಕೂಡ ತೊಳೆಯಲಿಲ್ಲ — ನೇರ ಅಗ್ನಿಶಾಮಕ ಶೆಡ್ಡಿಗೆ. ಬೆಂಕಿ ಆರಿಸುವ ಪಿಕಪ್ಪನ್ನು ಜಾಕಿಯ ಮೇಲೆ ಎತ್ತಿ ನಿಲ್ಲಿಸಿ ಮುಂದಿನ ಗಾಲಿಗಳನ್ನು ಬಿಚ್ಚಿಹಾಕಿದೆ. ಇನ್ನು ಹಿಂದೆ ಸರಿಯುವ ಮಾತಿಲ್ಲ.

ನಿನ್ನೆಯ ಸಭೆ ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಗಾರ್ಲಂಡ್ ಪ್ರುಯೆಟ್ — ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳದ ಮಂಡಳಿಯ ಅಧ್ಯಕ್ಷ, ಒಂದು ಬೆಂಕಿಗೂ ನೀರು ಹಾಕಿದವನಲ್ಲ — ಕುರ್ಚಿಗೆ ಒರಗಿ ಹೇಳಿದ: "ಒಂದ್ಸಲ ಮರಳಲ್ಲಿ ಹೂತ್ಕೊಂಡಿದ್ದಕ್ಕೆ ಇಷ್ಟು ರಾದ್ಧಾಂತ ಯಾಕಮ್ಮ, ಲೊರೆಟಾ?"

ಆ ಒಂದು ಸಲಕ್ಕೇ ಇನೆಸ್ ಎಚೆವೆರಿಯವರ ಮನೆ ಹೋಯಿತು. ಆಗಸ್ಟಿನಲ್ಲಿ ಅವರ ದಿಬ್ಬದ ಅರ್ಧಕ್ಕೇ ಗಾಡಿ ಕೂತುಬಿಟ್ಟಿತು. ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಗಾಲಿಗೆ. ಅವು ಮರಳು ತೋಡಿಕೊಂಡು ಇಳಿದವು. ಬೆನ್ನ ಮೇಲೆ ತುಂಬಿದ ನೀರಿನ ಟ್ಯಾಂಕು. ಪೈಪು ಮನೆಯವರೆಗೆ ಮುಟ್ಟಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಗಂಡ ಕಟ್ಟಿದ ಮನೆ ಉರಿಯುವುದನ್ನು ನಮ್ಮ ಪಕ್ಕದಲ್ಲೇ ನಿಂತು ನೋಡಿದರು. ಕಿರುಚಿದ್ದರೂ ಚೆನ್ನಾಗಿತ್ತು.

ಹೊಸ ಗಾಡಿ ಕೊಡುವುದಿಲ್ಲವಂತೆ. ಇದನ್ನೇ ನಾಲ್ಕೂ ಗಾಲಿ ಎಳೆಯುವ ಹಾಗೆ ಮಾಡುತ್ತೇನೆ ಅಂದೆ. "ಮಾಡ್ಕೊಳ್ಳಿ. ನಮ್ಮನ್ನ ಏನೂ ಕೇಳ್ಬೇಡಿ" ಅಂದ.

ಕೇಳುವುದಿಲ್ಲ.

ಡಿಸೆಂಬರ್ 14

ಡೆಲ್ಬರ್ಟ್ ಗುಜರಿಯಿಂದ ಸಾಮಾನು ತಂದ. ಪಲ್ಟಿಯಾದ ಒಂದು ಫೋರ್ ವೀಲ್ ಗಾಡಿ, ನಮ್ಮದೇ ಮಾದರಿ. ಅದರ ಮುಂದಿನ ಆಕ್ಸಲ್, ಪಟ್ಟಾ ಸ್ಪ್ರಿಂಗು, ಎಂಜಿನ್ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ. ಡೆಲ್ ನಮ್ಮ ದಳದ ಹಳೆಯ ಕ್ಯಾಪ್ಟನ್. ಮಂಡಿ ಹೋಗಿದೆ, ಬಾಯಿ ಹೋಗಿಲ್ಲ.

"ಗೇರ್ ಹೊಂದುತ್ತಾ ನೋಡ್ದ್ಯಾ?" ಕೇಳಿದೆ.

"ನಾನೇನು ನಿನ್ನೆ ಹುಟ್ಟಿದ್ನಾ?"

ಚಾಸಿಗೆ ಹೊಸ ತೂತು ಕೊರೆದು ಕೊರೆದು ಭುಜ ಬಿದ್ದುಹೋಗಿದೆ. ಹೊರಗೆ ಹಿಮ. ಶೆಡ್ಡಿನ ಹೀಟರ್ ಮಂಡಳಿಯ ಆಸ್ತಿ, ಹಚ್ಚಬಾರದು ಅಂತ ಚೀಟಿ ಅಂಟಿಸಿದ್ದಾರೆ. ಚೀಟಿಯಲ್ಲೇ ಗ್ರೀಸ್ ಒರೆಸಿಕೊಂಡು ಹೀಟರ್ ಹಚ್ಚಿದೆ.

ಫೆಬ್ರವರಿ 2

ಗೇರ್ ಹೊಂದುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ಗೊತ್ತಾಯಿತು. ಗಾಲಿ ಒಂದು ಸುತ್ತು ಹಾಕುವಷ್ಟರಲ್ಲಿ ಮುಂದಿನ ಶಾಫ್ಟ್ ಎಷ್ಟು ಸುತ್ತುತ್ತದೋ ಹಿಂದಿನದೂ ಅಷ್ಟೇ ಸುತ್ತಬೇಕು. ನಮ್ಮದರಲ್ಲಿ ಹಿಂದಿನದು ಹೆಚ್ಚು ಸುತ್ತುತ್ತದೆ. ಹೀಗೇ ಓಡಿಸಿದರೆ ಮುಂದಿನದೂ ಹಿಂದಿನದೂ ಒಂದನ್ನೊಂದು ತಿರುಚಿ ಮುರಿಯುತ್ತವೆ.

"ನೋಡ್ದೆ ಅಂದಿದ್ದೆಯಲ್ಲ?"

"ನೋಡ್ದೆ ಅಂತ ಎಲ್ಲಂದೆ? ನಿನ್ನೆ ಹುಟ್ಟಿಲ್ಲ ಅಂದೆ."

ಪಾನಾ ಎಸೆದೆ. ಅವನಿಗಲ್ಲ, ಗೋಡೆಗೆ. ಅವನು ಟೋಪಿ ಹಾಕಿಕೊಂಡು ಹೋದ. ಹೋಗಲಿ.

ಮಾರ್ಚ್ 22

ಒಬ್ಬಳೇ. ಡೆಲ್ ಎದುರು ಸಿಕ್ಕರೂ ರಸ್ತೆ ದಾಟುತ್ತಾನೆ. ಅಂಗಡಿಯಲ್ಲಿ ಪ್ರುಯೆಟ್ ಎಲ್ಲರ ಮುಂದೆ ಕೇಳಿದ: "ಏನಮ್ಮ, ಗಾಡಿ ಕಾಲೂರಿತಾ, ಇಲ್ಲ ಇನ್ನೂ ನೇತಾಡ್ತಿದೆಯಾ?" ನಕ್ಕರು. ನಗದವರ ಮುಖ ನೆನಪಿಟ್ಟುಕೊಂಡಿದ್ದೇನೆ. ಹೆಚ್ಚು ಜನವಿಲ್ಲ.

ಏಪ್ರಿಲ್ 6

ಬೆಳಿಗ್ಗೆ ಶೆಡ್ಡಿನ ಮುಂದೆ ಡೆಲ್. ಟ್ರೈಲರಿನಲ್ಲಿ ಅದೇ ಪಲ್ಟಿ ಗಾಡಿಯ ಹಿಂದಿನ ಆಕ್ಸಲ್. ಹೌದಲ್ಲ — ಹಿಂದಿನದನ್ನೂ ಅದರದ್ದೇ ಹಾಕಿದರೆ ಎರಡೂ ಹೊಂದುತ್ತವೆ. ನನಗೇ ಹೊಳೆಯಬೇಕಿತ್ತು. ಸಿಟ್ಟಿನಲ್ಲಿ ತಲೆ ಓಡಿರಲಿಲ್ಲ.

"ಕಾಫಿ ಇದೆಯಾ?" ಅಂದ.

"ಇದೆ. ನಿನ್ನೆಯದು."

"ಸಾಕು."

ಅಷ್ಟೇ. ಸಂಜೆಯವರೆಗೂ ಗಾಡಿ ಕೆಳಗೆ ಇಬ್ಬರೂ ಮಲಗಿದ್ದೆವು, ಬೈದುಕೊಳ್ಳುತ್ತ.

ಮೇ 18

ಟ್ಯಾಂಕ್ ತುಂಬಿಕೊಂಡು ಎಚೆವೆರಿ ದಿಬ್ಬಕ್ಕೆ. ಕೆಳಗೆ ನಿಲ್ಲಿಸಿ, ಇಳಿದು ಮುಂದಿನ ಗಾಲಿಗಳನ್ನು ಆಕ್ಸಲ್ಲಿಗೆ ಸೇರಿಸುವ ಹಬ್ ಹೊರಳಿಸಿ, ಒಳಗೆ ಬಂದು ಬಲವನ್ನು ಮುಂದಕ್ಕೂ ಕೊಡುವ ಸಣ್ಣ ಲಿವರ್ ಎಳೆದೆ. ಮರಳು ಬಂತು. ಹಿಂದಿನದು ಜಾರಿತು, ಮುಂದಿನದು ಕಚ್ಚಿ ಹಿಡಿದು ಎಳೆಯಿತು. ಮೂತಿ ಎತ್ತಿಕೊಂಡು ಹತ್ತಿತು. ಡೆಲ್ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೂತಿದ್ದ.

ಮೇಲೆ ಇನೆಸ್. ಸುಟ್ಟ ಮನೆಯ ಪಕ್ಕದಲ್ಲೇ ಒಂದು ಟ್ರೈಲರ್ ಮನೆ ಇಟ್ಟುಕೊಂಡಿದ್ದಾರೆ. ಕುರಿಗಳನ್ನು ಬಿಟ್ಟು ಕೆಳಗೆ ಬರುವುದಿಲ್ಲವಂತೆ. ಗಾಡಿಯ ಸುತ್ತ ಒಂದು ಸುತ್ತು ಬಂದು ಮುಂದಿನ ಟೈರಿಗೆ ಕೋಲಿನಿಂದ ತಟ್ಟಿದರು.

"ಹೋದ ವರ್ಷ ಬರ್ಬೇಕಿತ್ತು ನೀವು."

ಕುರಿಮಾಂಸದ ಸಾರು, ಬ್ರೆಡ್ ಕೊಟ್ಟರು. ತಿಂದೆವು.

ಜುಲೈ 4



ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಪಿಕಪ್ ಬೇಕಂತೆ. ಸ್ಟೇರಿಂಗ್ ಹಿಡಿಯುವುದು ಅಧ್ಯಕ್ಷರೇ ಅಂತೆ. ಮುಂದಿನ ಗಾಲಿ ಎಳೆಯದಿರಲಿ ಅಂತ ಹಬ್ ಕಳಚಿಟ್ಟಿದ್ದೆ, ಪ್ರುಯೆಟ್ ಹುಡುಕಿ ಯಾರ ಕೈಯಲ್ಲೋ ಹಾಕಿಸಿದ್ದಾನೆ. ಒಣ ಟಾರಿನ ಮೇಲೆ ನಾಲ್ಕೂ ಗಾಲಿ ಎಳೆಯುವಾಗ ತಿರುಗಿಸಬಾರದು, ಎಲ್ಲ ಬಿಗಿದುಕೊಳ್ಳುತ್ತದೆ ಅಂತ ಮುಖಕ್ಕೇ ಹೇಳಿದ್ದೆ. ಧ್ವಜ ಕಟ್ಟಿಕೊಂಡು ಲಿವರ್ ಎಳೆದೇ ಹೊರಟ — ಜನ ನೋಡಲಿ ಅಂತ. ಬ್ಯಾಂಕಿನ ಮೂಲೆಯಲ್ಲಿ ಪೂರ್ತಿ ತಿರುಗಿಸಿದ. ಠಣ್ ಅಂತು. ಮುಂದಿನ ಆಕ್ಸಲ್ಲಿನ ಜಾಯಿಂಟ್ ಎರಡು ತುಂಡು.

ಇಳಿದು ಬಂದು ಏನಂದ ಗೊತ್ತೆ? "ಶೆಡ್ಡಲ್ಲಿ ಹೆಂಗಸರು ಮಾಡಿದ್ದು, ಇನ್ನೇನಾಗುತ್ತೆ." ನಗುತ್ತ. ಪಾಪ್‌ಕಾರ್ನ್ ತಿನ್ನುತ್ತ.

ಡೆಲ್ ನನ್ನ ತೋಳು ಹಿಡಿದಿರದಿದ್ದರೆ.

ಜುಲೈ 6

ಜಾಯಿಂಟ್ ಹಾಕಿದೆ. ಮಂಡಳಿ ಗಾಡಿಯ ಮೇಲೆ "ಬಳಸಬಾರದು" ಅಂತ ಹಲಗೆ ನೇತುಹಾಕಿದೆ. ಮಧ್ಯಾಹ್ನದಿಂದ ಮಳೆಯಿಲ್ಲದ ಗುಡುಗು.

ಜುಲೈ 8

ನಿನ್ನೆ ಸಿಡಿಲು. ಇನೆಸ್ ಅವರ ದಿಬ್ಬದ ಹಿಂದೆಯೇ ಬಿದ್ದು ಒಣಹುಲ್ಲಿಗೆ ಬೆಂಕಿ. ಹಲಗೆ ಕಿತ್ತೆಸೆದು ಹೊರಟೆವು. ಓರೆಗಾನಿನ ಈ ಮೂಲೆಗೆ ಬೇರೆ ದಳ ಬರುವಷ್ಟರಲ್ಲಿ ಬೂದಿಯೇ ಉಳಿಯುವುದು.

ಹತ್ತಿತು. ಹೊಗೆಯಲ್ಲೂ ಗಾಡಿ ದಿಬ್ಬ ಹತ್ತಿತು. ಇನೆಸ್ ಒದ್ದೆ ಗೋಣಿ ಹಿಡಿದು ಒಬ್ಬರೇ ಬಡಿಯುತ್ತಿದ್ದರು, ಹುಬ್ಬು ಸುಟ್ಟಿತ್ತು. ಟ್ರೈಲರ್ ಮನೆ ಉಳಿಯಿತು. ಕುರಿದೊಡ್ಡಿ ಉಳಿಯಲಿಲ್ಲ, ಕುರಿಗಳನ್ನು ಮೊದಲೇ ಬಿಟ್ಟಿದ್ದರು, ಅರ್ಧದಷ್ಟು ಸಿಕ್ಕಿವೆ. ಥ್ಯಾಂಕ್ಸ್ ಹೇಳಲಿಲ್ಲ. ನನ್ನ ಕೈಯಿಂದ ಪೈಪು ತೆಗೆದುಕೊಂಡು, "ಕೂತ್ಕೋ ಮಗಾ, ನಾನು ಹಿಡೀತೀನಿ" ಅಂದರು. ಕೂತೆ. ಅತ್ತೆ. ಸಿಟ್ಟಿಗೇ ಇರಬೇಕು.

ಇವತ್ತು ಪ್ರುಯೆಟ್ ಶೆಡ್ಡಿಗೆ ಬಂದ. ಅನುಮತಿಯಿಲ್ಲದೆ ಗಾಡಿ ತೆಗೆದದ್ದು ಶಿಸ್ತಿನ ವಿಷಯವಂತೆ. ಸಂಜೆಯೊಳಗೆ ಕೀ ಅವನ ಮೇಜಿನ ಮೇಲಿರಬೇಕಂತೆ.

"ದಿಬ್ಬದ ಮೇಲೆ ಹೋಗಿ ಇನೆಸ್ ಅವ್ರಿಗೆ ನೀವೇ ಹೇಳಿ. ಕೊಡ್ತೀನಿ" ಅಂದೆ.

"ನನ್ ಕಾರು ಆ ಮರಳಲ್ಲಿ ಹತ್ತಲ್ಲ."

ಡೆಲ್ ನಕ್ಕ ನಗುವಿಗೆ ಶೆಡ್ಡಿನ ತಗಡು ಅದುರಿತು. ನನಗೆ ನಗು ಬರಲಿಲ್ಲ. ಅವನಿಗೆ ಹೇಳಬೇಕಾದದ್ದು ಇನ್ನೂ ಇದೆ, ಒಂದೊಂದಾಗಿ ಬರೆದಿಟ್ಟುಕೊಳ್ಳುತ್ತೇನೆ. ಮೊದಲನೆಯದು, ಆ ಗಾಡಿ

ಸೈರನ್. ಕೀ ಜೇಬಿನಲ್ಲೇ ಇದೆ. ಡೆಲ್ ಆಗಲೇ ಹಬ್ ಹೊರಳಿಸುತ್ತಿ—