ಧರ್ಮದ ಕ್ಯಾನು

ಮಾಲೂರು
24 ಏಪ್ರಿಲ್ 2025, ಗುರುವಾರ

ನನ್ನ ಮುದ್ದು ಚಂದನಾ,

ನೀನು, ಅಳಿಯಂದಿರು, ಚಿಟ್ಟಿ ಮೂವರೂ ಚೆನ್ನಾಗಿದ್ದೀರೆಂದು ನಿನ್ನೆ ಫೋನಿನಲ್ಲೇ ಕೇಳಿದ್ದೇನೆ. ಅದಕ್ಕೆ ಕ್ಷೇಮ ಕೇಳುವ ಶಾಸ್ತ್ರವನ್ನು ಬಿಟ್ಟಿದ್ದೇನೆ. ಫೋನ್ ಇರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಅಂದುಕೊಳ್ಳುತ್ತೀ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ, ನೀನು ನಕ್ಕರೆ ನಾನೂ ನಕ್ಕು ಮಾತು ತೇಲಿಸಿಬಿಡುತ್ತೇನೆ. ಮೂವತ್ತೊಂದು ವರ್ಷ ಹಾಗೇ ತೇಲಿಸಿಕೊಂಡು ಬಂದಿದ್ದೇನೆ. ನಮ್ಮ ಪಕ್ಕದ ಬೀದಿಯ ಮೂರ್ತಿ ನಾಳೆ ಕೋಲಾರದ ಮಂಡಿಯಿಂದ ಟೊಮೇಟೊ ತುಂಬಿಕೊಂಡು ಮದರಾಸಿಗೆ ಹೋಗುತ್ತಾನೆ. ದಾರಿಯಲ್ಲಿ ವೇಲೂರಿನ ನಿಮ್ಮ ಮನೆಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಭಾನುವಾರ ನೀವು ಇಲ್ಲಿಗೆ ಹೊರಡುವುದರೊಳಗೆ ಓದು. ಒಬ್ಬಳೇ ಕೂತು ಓದು.

ನೀನು ಕಳಿಸಿದ ವಿಡಿಯೋವನ್ನು ನಾಲ್ಕು ಸಲ ನೋಡಿದೆ. ಹಳೆಯ ಟೆಂಪೋ ಟ್ರಾವೆಲರ್ ಒಳಗೆ ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು, ಕಿಟಕಿಗೆ ಚಿಟ್ಟಿಯ ಹಳೇ ಫ್ರಾಕು ಕತ್ತರಿಸಿ ಹೊಲಿದ ಪರದೆ. ಮನೆಗೆ ಚಕ್ರ ಹಾಕಿಸಿದ ಮಹಾನುಭಾವರು ನಮ್ಮ ಎರಡೂ ವಂಶಗಳಲ್ಲಿ ಅಳಿಯ ಅಮರನಾಥ್ ಅವರೇ ಮೊದಲಿಗರು. ನೋಡಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಏಲಗಿರಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಅರ್ಧ ಗಂಟೆ ರಸ್ತೆ ಪಕ್ಕದಲ್ಲಿ ನಿಲ್ಲಿಸಿ ಟೀ ಕಾಸಿಕೊಂಡು ಕುಡಿದೆವು ಎಂದು ನೀನು ನಗುತ್ತ ಹೇಳಿದೆಯಲ್ಲ, ಆಗ ನನ್ನ ಕೈಯಲ್ಲಿದ್ದ ಲೋಟ ಬಿದ್ದುಹೋಯಿತು. ಏನಮ್ಮ ಸದ್ದು ಎಂದು ನೀನು ಕೇಳಿದೆ. ಬೆಕ್ಕು ಎಂದು ನಾನು ಹೇಳಿದೆ. ನಮ್ಮ ಮನೆಯಲ್ಲಿ ಬೆಕ್ಕೆಲ್ಲಿದೆ ಹೇಳು.

ಕೃಷ್ಣಗಿರಿ ಮೇಲೆ ಬನ್ನಿ ಎಂದರೆ ಅಳಿಯಂದಿರು ಒಪ್ಪುವುದಿಲ್ಲ. ಚಿತ್ತೂರಿನ ಮೇಲೆ ಬಂದರೆ ಮುಳಬಾಗಿಲಿನಲ್ಲಿ ದೋಸೆ ತಿನ್ನಬಹುದು ಎಂದು ಆಗಲೇ ತೀರ್ಮಾನ ಮಾಡಿದ್ದಾರೆ. ದೋಸೆಗಾಗಿ ಘಾಟ್ ಹತ್ತುವವರನ್ನು ತಡೆಯುವುದಕ್ಕೆ ನಾನ್ಯಾರು? ಬನ್ನಿ. ಆದರೆ ನಾನು ಹೇಳಿದ ಹಾಗೆ ಬನ್ನಿ. ಪಲಮನೇರಿಗೆ ಮುಂಚೆ ಸಿಗುವ ಮೊಗಿಲಿ ಘಾಟಿನ ನಡುವೆ, ಹುಣಸೆಮರ ಇರುವ ತಿರುವಿನಲ್ಲಿ, ನಿಮ್ಮ ಗಾಡಿ ಬಿಸಿಯೇರಿ ನಿಲ್ಲಬಾರದು. ಚಿಟ್ಟಿ ಗಾಡಿಯಲ್ಲಿರುವಾಗಂತೂ ನಿಲ್ಲಲೇಬಾರದು. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಮೊದಲು ಗಾಡಿಯ ವಿಷಯ.

ನಿಮ್ಮಪ್ಪನ ಲಾರಿಯಲ್ಲಿ ಅವರ ಪಕ್ಕ ಕೂತು ನಾಲ್ಕು ವರ್ಷ ತಿರುಗಿದವಳು ನಾನು. ಅಳಿಯಂದಿರು ಯೂಟ್ಯೂಬಿನಲ್ಲಿ ನೋಡಿದ್ದಕ್ಕಿಂತ ಇದು ಹಳೆಯ ವಿದ್ಯೆ. ಶನಿವಾರವೇ, ಎಂಜಿನ್ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬರೀ ನಲ್ಲಿ ನೀರು ಹಾಕಿದ್ದರೆ ಅದನ್ನು ತೆಗೆಸಿ ಕೂಲೆಂಟ್ ತುಂಬಿಸಿ. ರೇಡಿಯೇಟರ್ ಜಾಲರಿಯಲ್ಲಿ ಹುಳ, ಹುಲ್ಲು, ಧೂಳು ಕೂತಿರುತ್ತದೆ. ಎಂಜಿನ್ನಿನ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಹೊಡೆದರೆ ತಗಡು ಮಡಚಿಕೊಂಡು ಗಾಳಿ ಆಡುವುದಿಲ್ಲ. ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿ, ಸಡಿಲವಾಗಿದ್ದರೆ ಬಿಗಿ ಮಾಡಿಸಿ. ರಬ್ಬರ್ ಪೈಪುಗಳನ್ನು ಹಿಚುಕಿ ನೋಡಿ, ಬಿರುಕು ಬಿಟ್ಟಿದ್ದರೆ ಇನ್ನೊಂದು ಟ್ರಿಪ್ಪಿಗೆ ಆಗುತ್ತದೆ ಎನ್ನಬೇಡಿ. ಮನೆಗಾಡಿಯ ಟ್ಯಾಂಕಿನ ನೀರೇ ಇಬ್ಬರು ಆಳುಗಳ ತೂಕ ಇರುತ್ತದೆ, ಚಿತ್ತೂರಿನಲ್ಲಿ ಅರ್ಧ ಬಿಟ್ಟುಬಿಡಿ. ಎಂಜಿನ್ನಿಗೆಂದು ಎರಡು ಕ್ಯಾನ್ ನೀರು ಬೇರೆ ಇಟ್ಟಿರಿ, ಅದನ್ನು ಇನ್ನಾವುದಕ್ಕೂ ಮುಟ್ಟಬೇಡಿ.

ನಸುಕಿನಲ್ಲೇ ವೇಲೂರು ಬಿಟ್ಟರೆ ಎಂಟು ಗಂಟೆಗೆಲ್ಲ ಘಾಟ್ ದಾಟಿರುತ್ತೀರಿ. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಬೇಕು. ಎಂಜಿನ್ ಮುಕ್ಕರಿಯುವ ತನಕ ದೊಡ್ಡ ಗೇರಿನಲ್ಲಿ ಎಳೆದಾಡುವುದು ಗಂಡಸರ ಒಂದು ಜಂಬ, ಅದಕ್ಕೆ ಅವಕಾಶ ಕೊಡಬೇಡ. ಮುಂದಿನ ಲಾರಿಯ ಹಿಂದೆಯೇ ಅಂಟಿಕೊಂಡು ಹೋದರೆ ಅದರ ಬಿಸಿಯೆಲ್ಲ ನಿಮ್ಮ ರೇಡಿಯೇಟರಿಗೆ ಬಡಿಯುತ್ತದೆ, ಸ್ವಲ್ಪ ಅಂತರ ಬಿಡಿ. ಎಸಿ ಬೇಡ. ಮುಳ್ಳು ಅರ್ಧ ದಾಟಿತೋ, ಕಿಟಕಿ ತೆಗೆದು ಹೀಟರ್ ಪೂರ್ತಿ ಹಾಕಿ. ಏಪ್ರಿಲ್ ಬಿಸಿಲಿನಲ್ಲಿ ಹೀಟರೇ ಎಂದು ನಗಬೇಡ, ಅದು ಎಂಜಿನ್ನಿನ ಕಾವನ್ನು ಎಳೆದು ಹೊರಗೆ ಹಾಕುತ್ತದೆ. ಬೆವರಿದರೆ ಬೆವರಲಿ. ಅದಕ್ಕೂ ಬಗ್ಗದಿದ್ದರೆ ತಿರುವು ಬರುವ ಮುಂಚೆಯೇ ಅಗಲವಾದ ಜಾಗ ನೋಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಸ್ವಲ್ಪ ಎಕ್ಸಲೇಟರ್ ಒತ್ತಿ ಹಿಡಿದು ಮುಳ್ಳು ಇಳಿಯುವ ತನಕ ಕಾಯಿರಿ. ಹಬೆ ಎದ್ದರೆ ಮಾತ್ರ ಎಂಜಿನ್ ಆರಿಸಿ. ಕಾದ ಮುಚ್ಚಳಕ್ಕೆ ಯಾರೂ ಕೈ ಹಾಕಬಾರದು.

ಇನ್ನು ಆ ತಿರುವಿನ ವಿಷಯ.

ನಂಗಲಿಯ ಲಾರಿಯವರಲ್ಲಿ ಆಗ ಒಂದು ಪದ್ಧತಿ ಇತ್ತು. ಹುಣಸೆಮರದ ಬುಡದಲ್ಲಿ ಒಂದು ಕ್ಯಾನಿನ ತುಂಬ ನೀರು ಇರುತ್ತಿತ್ತು. ಅದನ್ನು ಧರ್ಮದ ಕ್ಯಾನು ಎನ್ನುತ್ತಿದ್ದರು. ಘಾಟ್ ಹತ್ತುವಾಗ ಯಾರ ಲಾರಿ ಕುದಿದರೂ ಆ ನೀರನ್ನು ಹಾಕಿಕೊಳ್ಳಬಹುದು. ಆದರೆ ಹಾಕಿಕೊಂಡವನು ಕೆಳಗಿನ ಹಳ್ಳಕ್ಕಿಳಿದು, ಕ್ಯಾನ್ ತುಂಬಿಸಿ ತಂದು, ಮರದ ಬುಡದಲ್ಲಿಟ್ಟೇ ಲಾರಿ ಹತ್ತಬೇಕು. ಹಿಂದೆ ಬರುವವನಿಗೆ ಇರಲಿ ಎಂದು. ಎಷ್ಟೇ ಅವಸರವಿದ್ದರೂ ಇದನ್ನು ತಪ್ಪಿಸಿದವರನ್ನು ನಾನು ನೋಡಿಲ್ಲ. ಈಗ ಆ ಪದ್ಧತಿ ಇಲ್ಲ. ರಸ್ತೆ ಅಗಲವಾಗಿದೆ, ಗಾಡಿಗಳೂ ಗಟ್ಟಿ. ಆದರೂ ಒಂದೊಂದು ಗಾಡಿ ಆ ತಿರುವಿನಲ್ಲೇ ಕುದಿದು ನಿಲ್ಲುತ್ತದಂತೆ. ನಿಂತರೆ ಒಬ್ಬರು ನೀರು ತಂದುಕೊಡುತ್ತಾರಂತೆ.

ಇದನ್ನು ನನಗೆ ಮೊದಲು ಹೇಳಿದವನು ನಂಗಲಿಯ ಗಂಗುಲಪ್ಪ. ನಿಮ್ಮಪ್ಪನ ಜೊತೆ ಲಾರಿ ಓಡಿಸುತ್ತಿದ್ದವನು, ಅವರನ್ನು ರಾಮಪ್ಪಣ್ಣ ಎಂದೂ ನನ್ನನ್ನು ವದಿನಾ, ಅಂದರೆ ಅತ್ತಿಗೆ, ಎಂದೂ ಕರೆಯುವವನು. ಆರು ವರ್ಷದ ಹಿಂದೆ ಮಗನ ಮದುವೆಗೆ ಕರೆಯುವ ನೆಪದಲ್ಲಿ ಬಂದು, ಲಗ್ನಪತ್ರಿಕೆ ಕೊಟ್ಟು, ಕಾಫಿ ಕುಡಿದು, ಎದ್ದು ಹೋಗದೆ ಕೂತೇ ಇದ್ದ. ಆಮೇಲೆ ಹೇಳಿದ. ಮಟಮಟ ಮಧ್ಯಾಹ್ನ ಅವನ ಲಾರಿ ಆ ತಿರುವಿನಲ್ಲಿ ಕುದಿದು ನಿಂತಿತ್ತು. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ, ಹಕ್ಕಿ ಸದ್ದೂ ಇಲ್ಲ. ಖಾಕಿ ಅಂಗಿ ಹಾಕಿದ, ತಲೆಗೆ ಟವಲ್ ಹೊದ್ದ ಒಬ್ಬರು ಹಳ್ಳದ ಕಡೆಯಿಂದ ಕ್ಯಾನ್ ಹಿಡಿದು ಹತ್ತಿ ಬಂದರು. ಮೊಣಕಾಲಿನ ತನಕ ಒದ್ದೆ, ಆದರೆ ಅವರು ನಡೆದುಬಂದ ಟಾರಿನ ಮೇಲೆ ಒಂದು ಹನಿಯೂ ಇಲ್ಲ. ಕ್ಯಾನನ್ನು ಲಾರಿಯ ಮುಂದಿಟ್ಟು ತೆಲುಗಿನಲ್ಲಿ ಕೇಳಿದರು, “ಪಾಪಕಿ ಎಟ್ಲುಂದಿ?” ಮಗು ಹೇಗಿದೆ ಎಂದು. ಯಾವ ಮಗು ಎಂದ ಗಂಗುಲಪ್ಪ. ಅವರು ಇನ್ನೊಂದು ಸಲ ಕೇಳಿದರು, ತಿರುಗಿ ಇಳಿದುಹೋದರು.

“ಗಂಟಲು ನಮ್ಮ ರಾಮಪ್ಪಣ್ಣಂದೇ ವದಿನಾ,” ಎಂದ ಗಂಗುಲಪ್ಪ. “ಆ ನೀರು ಹಾಕಿದ್ನಾ, ಮುಳ್ಳು ಒಂದೇ ಸಲ ಕೆಳಕ್ಕೆ ಬಿದ್ದೋಯ್ತು. ಎಂಜಿನ್ ಮುಟ್ಟಿದ್ರೆ ಐಸಿದ್ದಂಗೈತೆ. ಮನೇಗೋಗಿ ಮಗಳ ಕೂಸನ್ನ ಎತ್ಕೊಂಡ್ರೆ ಮೈ ಸುಡ್ತಾ ಐತೆ. ಆ ಕಾವು ಇಲ್ಲಿಗೆ ಬಂದ್ಬಿಡ್ತಾ ಅನ್ಸ್ತು.” ಒಂಬತ್ತು ದಿನ ಜ್ವರ ಇಳಿಯಲಿಲ್ಲವಂತೆ. ಡಾಕ್ಟರುಗಳು ರಕ್ತದಲ್ಲಿ ಏನೂ ಇಲ್ಲ ಎಂದರಂತೆ.

ನಾನು ಇಪ್ಪತ್ತೈದು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿದವಳು, ಚಂದನಾ. ಬೇಸಿಗೆಯಲ್ಲಿ ಮಕ್ಕಳಿಗೆ ಜ್ವರ ಬರುವುದಕ್ಕೆ ಯಾವ ದೆವ್ವವೂ ಬೇಕಿಲ್ಲ ಎಂದು ಎಷ್ಟು ತಾಯಂದಿರಿಗೆ ಬೈದು ಹೇಳಿಲ್ಲ! ಗಂಗುಲಪ್ಪನಿಗೂ ಹಾಗೇ ಹೇಳಿ ಕಳಿಸಿದೆ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಮುಂದಿನ ವಾರ ಕೋಲಾರದ ಮಂಡಿಗೆ ಹೋಗಿ, ಟೊಮೇಟೊ ಕೊಳ್ಳುವವಳ ಹಾಗೆ ಓಡಾಡಿ, ಡ್ರೈವರುಗಳನ್ನು ವಿಚಾರಿಸಿದೆ. ಗೌನಿಪಲ್ಲಿಯಿಂದ ಮಾವಿನಕಾಯಿ ಸಾಗಿಸುವ ಸೊಣ್ಣಪ್ಪ ಎಂಬವನು ಸಿಕ್ಕಿದ. ನಿಮ್ಮಪ್ಪನ ಹೆಸರನ್ನೇ ಕೇಳದವನು. ಅವನೂ ಅದೇ ತಿರುವು, ಅದೇ ಖಾಕಿ ಅಂಗಿ, ಅದೇ ಮಾತು ಹೇಳಿದ. ಯಾರ ಮಗುವೋ ನಂಗೇನು ಗೊತ್ತು ಎಂದು ರೇಗಿದನಂತೆ. ಅವನ ಮನೆಯ ಮಗುವಿಗೂ ಒಂಬತ್ತು ದಿನ ಜ್ವರ. ಎರಡು ಮಕ್ಕಳೂ ಉಳಿದವು, ದೇವರು ದೊಡ್ಡವನು. ಆದರೆ ಅಂಥ ಒಂಬತ್ತು ದಿನ ನನ್ನ ಮೊಮ್ಮಗಳಿಗೆ ಬೇಡ.

ನಿಮ್ಮಪ್ಪ ಮದರಾಸಿನಲ್ಲಿ ಎದೆನೋವಿನಿಂದ ಹೋದರು ಎಂದು ಹೇಳಿ ನಿನ್ನನ್ನು ಬೆಳೆಸಿದೆ. ಅದು ಸುಳ್ಳು. ನಂಗಲಿಯ ಮನೆ ಬಿಟ್ಟು ಮಾಲೂರಿಗೆ ಬಂದದ್ದೂ, ನೆಂಟರ ಮದುವೆಗೂ ನಿನ್ನನ್ನು ಆ ಕಡೆ ಕರೆದೊಯ್ಯದೆ ಇದ್ದದ್ದೂ ಆ ಸುಳ್ಳನ್ನು ಕಾಪಾಡಿಕೊಳ್ಳುವುದಕ್ಕೆ. ಅವರು ಹೋದದ್ದು ಆ ತಿರುವಿನಲ್ಲಿ.

ತೊಂಬತ್ನಾಲ್ಕನೇ ಇಸವಿ, ಇದೇ ಏಪ್ರಿಲ್ ತಿಂಗಳು. ಮದರಾಸಿನಲ್ಲಿ ಟೊಮೇಟೊ ಇಳಿಸಿ, ಉಪ್ಪಿನ ಮೂಟೆ ಹೇರಿಕೊಂಡು ಬರುತ್ತಿದ್ದೆವು. ನಿನಗೆ ಒಂದು ವರ್ಷ ತುಂಬಿ ಹದಿನೈದು ದಿನವಾಗಿತ್ತು. ಮೈ ಸ್ವಲ್ಪ ಬೆಚ್ಚಗಿತ್ತು, ನನ್ನ ತೊಡೆಯ ಮೇಲೆ ಮಲಗಿದ್ದೆ. ಘಾಟಿನ ನಡುವೆ ಲಾರಿ ಕುದಿಯಿತು. ನಿಮ್ಮಪ್ಪ ಎಂಜಿನ್ನಿಗೆಂದು ಯಾವಾಗಲೂ ಎರಡು ಕ್ಯಾನ್ ನೀರು ಇಟ್ಟಿರುತ್ತಿದ್ದರು. ಆವತ್ತು ಎರಡೂ ಸೋರಿಹೋಗಿ ಖಾಲಿಯಾಗಿದ್ದವು. ಎಂಜಿನ್ ಆರುವ ತನಕ ಕಾದು, ಮರದ ಬುಡದ ಧರ್ಮದ ನೀರು ಹಾಕಿದರು. ಆಮೇಲೆ ಖಾಲಿ ಕ್ಯಾನ್ ತೆಗೆದುಕೊಂಡು, ಏನೂ ಮಾತಾಡದೆ, ಹಳ್ಳಕ್ಕೆ ಇಳಿದರು.

ಹತ್ತು ನಿಮಿಷದ ದಾರಿ. ಒಂದು ಗಂಟೆ ಕಾದೆ. ಕೂಗಿದೆ. ನಿನ್ನನ್ನು ಬಿಟ್ಟು ಇಳಿಯುವ ಹಾಗಿರಲಿಲ್ಲ, ಎತ್ತಿಕೊಂಡು ಆ ಇಳಿಜಾರಿನಲ್ಲಿ ಇಳಿಯುವ ಹಾಗೂ ಇರಲಿಲ್ಲ. ಹಿಂದೆ ಬಂದ ಲಾರಿಯವರು ಇಳಿದು ನೋಡಿದರು. ಪಾಚಿಯ ಬಂಡೆಯ ಮೇಲೆ ಕಾಲು ಜಾರಿ, ತಲೆಗೆ ಏಟು ಬಿದ್ದು, ಮೊಣಕಾಲಿನ ತನಕ ನೀರಿನಲ್ಲಿ ಬಿದ್ದಿದ್ದರು. ಜೀವ ಹೋಗಿತ್ತು. ಕ್ಯಾನ್ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಹಳ್ಳದಲ್ಲಿ ನೀರು ಹರಿಯುತ್ತಲೂ ಇರಲಿಲ್ಲ, ಕೊಚ್ಚಿಕೊಂಡು ಹೋಗುವುದಕ್ಕೆ. ಲಾರಿಯವರು ಬೇರೆ ಕ್ಯಾನ್ ತಂದಿಟ್ಟರೆ ಬೆಳಗಾಗುವುದರಲ್ಲಿ ಅದು ಕಾಣೆ. ನಾಲ್ಕೈದು ಸಲ ಹೀಗಾದ ಮೇಲೆ ಇಡುವುದನ್ನೇ ಬಿಟ್ಟರಂತೆ.

ಅವರು ಕಾದ ಗಾಡಿಯ ಹತ್ತಿರ ಮಾತ್ರ ಬರುತ್ತಾರೆ. ಅದಕ್ಕೇ ಇಷ್ಟೆಲ್ಲ ಬೆಲ್ಟು, ಪೈಪು ಎಂದು ನಿನ್ನ ತಲೆ ತಿಂದದ್ದು. ಯಾವ ಮಗುವನ್ನು ಕೇಳುತ್ತಾರೋ, ಯಾಕೆ ಕೇಳುತ್ತಾರೋ ನನಗೆ ತಿಳಿಯದು. ನೀವು ಮುಳ್ಳನ್ನು ಏರಗೊಡದೆ, ಆ ಕಡೆ ನೋಡದೆ ಬಂದುಬಿಡಿ. ಅಳಿಯಂದಿರಿಗೆ ಇದನ್ನೆಲ್ಲ ಹೇಳುವುದು ಬಿಡುವುದು ನಿನಗೆ ಸೇರಿದ್ದು. ಅಮ್ಮನಿಗೆ ವಯಸ್ಸಾಯಿತು ಎಂದು ನಕ್ಕರೂ ನಗಲಿ, ರೇಡಿಯೇಟರ್ ಒಂದು ತೊಳೆಸಿದರೆ ಸಾಕು.

ಭಾನುವಾರ ಅವರೆಕಾಳು ಹಾಕಿ ಸಾರು ಮಾಡಿಟ್ಟಿರುತ್ತೇನೆ. ಚಿಟ್ಟಿಗೆ ನನ್ನ ಮುತ್ತು.

ನಿಮ್ಮ ದಾರಿ ನೋಡುತ್ತಿರುವ,
ನಿನ್ನ ಅಮ್ಮ
ವೆಂಕಟರತ್ನಮ್ಮ

ಮರೆತದ್ದು: ಮರೆತಿರಲಿಲ್ಲ, ಬಚ್ಚಿಟ್ಟಿದ್ದೆ. ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕ್ಯಾನುಗಳು ಸೋರಿರಲಿಲ್ಲ ಚಂದನಾ. ನಿನ್ನ ಮೈ ಕೆಂಡವಾಗಿತ್ತು, ಕಣ್ಣು ಮೇಲಕ್ಕೆ ಹೋಗುತ್ತಿತ್ತು. ರಾಣಿಪೇಟೆಯಿಂದ ಆ ನೀರಿನಲ್ಲೇ ಬಟ್ಟೆ ಅದ್ದಿ ಅದ್ದಿ ನಿನ್ನ ಹಣೆಗೆ, ಎದೆಗೆ ಹಾಕುತ್ತ ಬಂದೆ. ಎಂಜಿನ್ ನೀರು ಮುಟ್ಟಿದರೆ ಅವರಿಗೆ ಕೆಟ್ಟ ಕೋಪ ಬರುತ್ತಿತ್ತು, ಅದಕ್ಕೆ ಹೇಳಲಿಲ್ಲ. ಅವರು ಖಾಲಿ ಕ್ಯಾನುಗಳನ್ನು ನೋಡಿದರು, ಒದ್ದೆ ಬಟ್ಟೆಯನ್ನೂ ನೋಡಿದರು. ಬೈಯಲಿಲ್ಲ. ಹಳ್ಳಕ್ಕೆ ಇಳಿಯುವ ಮುಂಚೆ ಲಾರಿಯ ಬಾಗಿಲ ಹತ್ತಿರ ನಿಂತು ಕೇಳಿದರು, “ಪಾಪಕಿ ಎಟ್ಲುಂದಿ?” ಬಾಯಿ ಬಿಟ್ಟರೆ ಜಗಳವಾಗುತ್ತದೆ ಎಂದು ನಾನು ಮುಖ ತಿರುಗಿಸಿಕೊಂಡು ಕೂತೆ. ಇನ್ನೊಂದು ಸಲ ಕೇಳಿದರು. ಆಗಲೂ ಉತ್ತರ ಕೊಡಲಿಲ್ಲ.

ನಿಲ್ಲಬೇಡಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಮುಳ್ಳು ಏರದಿದ್ದರೂ ಆ ತಿರುವಿನಲ್ಲಿ ನಿಲ್ಲಿಸು. ಚಿಟ್ಟಿಯನ್ನು ಅಳಿಯಂದಿರ ಹತ್ತಿರ ಬಿಟ್ಟು ನೀನೊಬ್ಬಳೇ ಇಳಿ. ನೀರು ತೆಗೆದುಕೊಳ್ಳಬೇಡ. ಯಾರೂ ಕಾಣದಿದ್ದರೂ ಹಳ್ಳದ ಕಡೆ ತಿರುಗಿ, ಜ್ವರ ಇಳಿಯಿತು ಅಪ್ಪಾ ಎಂದು ಅವರ ಮಾತಿನಲ್ಲೇ ಗಟ್ಟಿಯಾಗಿ ಹೇಳು, “ಜ್ವರಂ ತಗ್ಗಿಂದಿ ನಾಯನಾ.” ಅವರು ಹೋಗುವಾಗ ನಿನಗಿನ್ನೂ ಮಾತು ಬಂದಿರಲಿಲ್ಲ, ನಿನ್ನ ಧ್ವನಿಯ ಗುರುತು ಅವರಿಗಿಲ್ಲ. ಮೊದಲು ನಿನ್ನ ಹೆಸರು ಹೇಳು.